ತುಮಕೂರಲ್ಲಿ ಕೂತು ಶೇರು ತಗೊಳೋದು: ದುಡ್ಡು ಎಲ್ಲಿಗೆ ಹೋಗುತ್ತೆ, ಶೇರು ಎಲ್ಲಿ ಬಂದು ಕೂರುತ್ತೆ

ಶೇರಲ್ಲಿ ಸ್ವಲ್ಪ ದುಡ್ಡು ಹಾಕಿದೀನಿ ಅನ್ನೋರು ಈಗ ತುಮಕೂರಲ್ಲಿ ಎಲ್ಲಿ ಹೋದ್ರೂ ಸಿಗ್ತಾರೆ. ಬಿ.ಎಚ್. ರೋಡಲ್ಲಿ ಮೊಬೈಲ್ ಅಂಗಡಿ ಇಟ್ಟಿರೋರು, ಎಸ್‌ಐಟಿ ಕಡೆ ಪಿಜಿಲಿರೋ ಹುಡುಗ್ರು, ಅಂತರಸನಹಳ್ಳಿ ಮಾರ್ಕೆಟ್ಟಲ್ಲಿ ಮಂಡಿ ನಡೆಸೋರು, ರಿಟೈರ್ ಆದ ಮೇಷ್ಟ್ರುಗಳು, ಎಲ್ಲಾ ಇದಾರೆ. ಆ ಶೇರು ಎಲ್ಲಿದೆ ಸ್ವಾಮಿ ಅಂತ ಕೇಳಿದ್ರೆ ಮಾತ್ರ ಜೇಬಿಂದ ಫೋನ್ ತೆಗ್ದು "ಇಲ್ಲೇ ಐತಲ್ಲ" ಅಂತ ಆಪ್ ತೋರಿಸ್ತಾರೆ. ಆಪಲ್ಲಿ ಶೇರು ಇರಲ್ಲ. ಆಪ್ ತೋರಿಸೋದು ಒಂದು ಲೆಕ್ಕ, ಶೇರು ಇರೋದು ಬೇರೆ ಕಡೆ, ದುಡ್ಡು ಓಡಾಡೋದು ಇನ್ನೊಂದು ದಾರೀಲಿ. ಈ ಎರಡು ದಾರಿ ಗೊತ್ತಿಲ್ದೆ ಅಕೌಂಟ್ ತೆಗೆಯೋಕೆ ಹೋದ್ರೆ ಯಾವ ಆಪ್ ಅಸಲಿ ಯಾವ್ದು ನಕಲಿ ಅಂತಾನೂ ಗೊತ್ತಾಗಲ್ಲ, ಅದಕ್ಕೆ ಮೊದಲು ಅದನ್ನ ಹೇಳಿ ಆಮೇಲೆ ಅಕೌಂಟಿನ ವಿಷಯಕ್ಕೆ ಬರ್ತೀನಿ.

ಎಕ್ಸ್‌ಚೇಂಜ್ ಒಳಗೆ ಏನಾಗುತ್ತೆ

ನಮ್ಮಲ್ಲಿ ಮುಖ್ಯವಾಗಿ ಎರಡು ಎಕ್ಸ್‌ಚೇಂಜ್, ಅಂದ್ರೆ ಶೇರು ಕೊಳ್ಳೋ ಮಾರೋ ಮಾರ್ಕೆಟ್ ಇದೆ. ಬಿಎಸ್‌ಇ 1875ರದ್ದು, ಏಷ್ಯಾದಲ್ಲೇ ಹಳೇದು, ಮುಂಬೈನ ದಲಾಲ್ ಸ್ಟ್ರೀಟಲ್ಲಿದೆ. ಎನ್‌ಎಸ್‌ಇ 1992ರಲ್ಲಿ ಕಂಪನಿಯಾಗಿ ಶುರುವಾಗಿ 1994ರ ನವೆಂಬರಲ್ಲಿ ಶೇರು ವ್ಯಾಪಾರ ಶುರು ಮಾಡ್ತು, ಅದೂ ಮೊದಲ ದಿನದಿಂದಾನೇ ಕಂಪ್ಯೂಟರ್ ಪರದೆ ಮೇಲೆ, ಊರೂರಿನ ಬ್ರೋಕರ್ ಆಫೀಸಿಗೆ ಸ್ಯಾಟಲೈಟ್ ಡಿಶ್ ಹಾಕ್ಸಿ. ಅಲ್ಲೀತನಕ ಬ್ರೋಕರ್‌ಗಳು ಒಂದು ಹಾಲಲ್ಲಿ ನಿಂತು ಕೂಗಾಡಿ ರೇಟು ಕುದುರಿಸ್ತಿದ್ರು, ನಮ್ಮಂಥ ಊರಿನೋರಿಗೆ ನಿಜವಾಗ್ಲೂ ಯಾವ ರೇಟಿಗೆ ಕೈ ಬದಲಾಯ್ತು ಅಂತ ತಿಳಿಯೋ ದಾರೀನೇ ಇರ್ಲಿಲ್ಲ, ಬ್ರೋಕರ್ ಹೇಳಿದ್ದೇ ರೇಟು. 1995ರಲ್ಲಿ ಬಿಎಸ್‌ಇನೂ ಪರದೆಗೆ ಬಂತು. ಬೆಂಗಳೂರಲ್ಲೂ ಒಂದು ಸ್ಟಾಕ್ ಎಕ್ಸ್‌ಚೇಂಜ್ ಇತ್ತು, ಈ ಬದಲಾವಣೆ ಮುಂದೆ ಅದು ನಿಲ್ಲಕ್ಕಾಗ್ದೆ ಮುಚ್ಚಿಹೋಯ್ತು.

ತಿಪಟೂರಲ್ಲಿ ಕೊಬ್ಬರಿ ಟೆಂಡರ್ ನೋಡಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಅಲ್ಲಿ ರೈತರ ಲಾಟ್‌ಗೆ ನಂಬರ್ ಬೀಳುತ್ತೆ, ವರ್ತಕರು ಕಂಪ್ಯೂಟರಲ್ಲಿ ರೇಟು ಹಾಕ್ತಾರೆ, ಟೈಮ್ ಮುಗಿದ್ಮೇಲೆ ಯಾರದ್ದು ಜಾಸ್ತಿಯೋ ಅವರಿಗೆ ಲಾಟ್. ಶೇರು ಎಕ್ಸ್‌ಚೇಂಜಲ್ಲಿ ಎರಡು ವ್ಯತ್ಯಾಸ. ಒಂದು, ಇಲ್ಲಿ ಮಾರೋರೂ ರೇಟು ಹಾಕ್ತಾರೆ, ಕೊಳ್ಳೋರೂ ಹಾಕ್ತಾರೆ. ಎರಡು, ಟೆಂಡರ್ ತೆಗೆಯೋ ಟೈಮ್ ಅಂತ ಇಲ್ಲ, ಬೆಳಿಗ್ಗೆ 9:15ರಿಂದ ಮಧ್ಯಾಹ್ನ 3:30ರ ತನಕ ಪ್ರತಿ ಕ್ಷಣಾನೂ ಹೊಂದಾಣಿಕೆ ನಡೀತಾನೇ ಇರುತ್ತೆ. 9 ಗಂಟೆಯಿಂದ 9:15ರ ತನಕ ಪ್ರೀ ಓಪನ್ ಅಂತ ಒಂದು ಭಾಗ ಇದೆ ನೋಡಿ, ಅದು ಮಾತ್ರ ಹೆಚ್ಚುಕಮ್ಮಿ ಟೆಂಡರ್ ಥರಾನೇ, ಎಲ್ಲರ ಆರ್ಡರ್ ಒಟ್ಟು ಹಾಕ್ಕೊಂಡು ಯಾವ ರೇಟಲ್ಲಿ ಅತೀ ಹೆಚ್ಚು ಶೇರು ಕೈ ಬದಲಾಗುತ್ತೋ ಆ ಒಂದೇ ರೇಟು ಎಲ್ರಿಗೂ.

ಹೊಂದಾಣಿಕೆ ನಿಯಮ ತುಂಬಾ ಸಿಂಪಲ್. ಮೊದಲು ರೇಟು ನೋಡುತ್ತೆ, ರೇಟು ಒಂದೇ ಇದ್ರೆ ಯಾರು ಮೊದಲು ಬಂದ್ರು ನೋಡುತ್ತೆ. ನೀವು ಐದು ಶೇರಿನೋರಾ, ಇಲ್ಲ ಐದು ಲಕ್ಷ ಶೇರಿನ ಫಂಡ್ ಕಂಪನಿನಾ ಅಂತ ನೋಡಲ್ಲ. ಒಂದು ಕಂಪನಿ ಶೇರು ಅಂತಿಟ್ಕೊಳಿ. ಮಾರೋರ ಸಾಲಲ್ಲಿ 250 ರೂಪಾಯಿಗೆ 50 ಶೇರು, 250.20ಕ್ಕೆ 300, 251ಕ್ಕೆ 1000 ನಿಂತಿದೆ. ಕೊಳ್ಳೋರ ಸಾಲಲ್ಲಿ 249.90ಕ್ಕೆ 200 ಇದೆ. ನೀವು ನೂರು ಶೇರಿಗೆ ಮಾರ್ಕೆಟ್ ಆರ್ಡರ್, ಅಂದ್ರೆ ಸಿಕ್ಕ ರೇಟಿಗೆ ಕೊಡಿ ಅನ್ನೋ ಆರ್ಡರ್, ಒತ್ತಿದ್ರೆ ಮೊದಲ 50 ಶೇರು 250ಕ್ಕೆ, ಉಳಿದ 50 ಶೇರು 250.20ಕ್ಕೆ ಸಿಗುತ್ತೆ, ಆಪಲ್ಲಿ ಸರಾಸರಿ 250.10 ಅಂತ ಬರುತ್ತೆ. ಅದರ ಬದಲು 250ಕ್ಕೆ ಲಿಮಿಟ್ ಆರ್ಡರ್, ಅಂದ್ರೆ ಇದಕ್ಕಿಂತ ಜಾಸ್ತಿ ಕೊಡಲ್ಲ ಅನ್ನೋ ಆರ್ಡರ್, ಹಾಕಿದ್ರೆ 50 ಸಿಗುತ್ತೆ, ಇನ್ನೈವತ್ತು 250ರ ರೇಟಲ್ಲಿ ಕೊಳ್ಳೋರ ಸಾಲಿನ ತಲೇಲಿ ಹೋಗಿ ನಿಲ್ಲುತ್ತೆ, ಯಾರಾದ್ರೂ ಆ ರೇಟಿಗೆ ಮಾರಿದ್ರೆ ಸಿಕ್ತು, ಇಲ್ಲಾಂದ್ರೆ ಸಾಯಂಕಾಲ ಕ್ಯಾನ್ಸಲ್. ದೊಡ್ಡ ಕಂಪನಿ ಶೇರಲ್ಲಿ ಈ ವ್ಯತ್ಯಾಸ ಪೈಸೆ ಲೆಕ್ಕ. ಯಾರೂ ಜಾಸ್ತಿ ಮುಟ್ಟದ ಸಣ್ಣ ಕಂಪನಿ ಶೇರಲ್ಲಿ ಮಾರೋರ ಸಾಲು ತೆಳ್ಳಗಿರುತ್ತೆ, ಮಾರ್ಕೆಟ್ ಆರ್ಡರ್ ಒತ್ತಿದ್ರೆ ಮೇಲ್ಮೇಲಿನ ರೇಟಿಗೆ ಹತ್ತಿಕೊಂಡು ಹೋಗುತ್ತೆ.

2012ರ ಅಕ್ಟೋಬರ್ 5ರಂದು ಒಂದು ಬ್ರೋಕರ್ ಆಫೀಸಿಂದ ನಿಫ್ಟಿ ಅನ್ನೋ ದೊಡ್ಡ ಕಂಪನಿಗಳ ಪಟ್ಟಿಯ ಶೇರುಗಳನ್ನ ಮಾರೋ ತಪ್ಪು ಆರ್ಡರ್‌ಗಳು ಹೋಗಿ, ಎದುರಿಗಿದ್ದ ಕೊಳ್ಳೋರ ಸಾಲನ್ನೆಲ್ಲ ತಿಂದ್ಹಾಕಿ, ನಿಫ್ಟಿ ಕೆಲವೇ ಕ್ಷಣದಲ್ಲಿ ಶೇಕಡಾ 15ಕ್ಕಿಂತ ಜಾಸ್ತಿ ಬಿದ್ದಿತ್ತು. ಯಾವ ಕಂಪನೀಲೂ ಏನೂ ಆಗಿರ್ಲಿಲ್ಲ, ಯಂತ್ರ ತನ್ನ ನಿಯಮದ ಪ್ರಕಾರ ಹೊಂದಿಸ್ತು ಅಷ್ಟೇ. ಯಂತ್ರಕ್ಕೆ ರೇಟು ಸರಿಯಾ ತಪ್ಪಾ ಗೊತ್ತಿಲ್ಲ, ಅದನ್ನ ನೋಡಬೇಕಾದೋರು ನಾವು. ಅದಕ್ಕೆ ಹೊಸಬ್ರಿಗೆ ನನ್ನ ಮಾತು ಒಂದೇ, ಲಿಮಿಟ್ ಆರ್ಡರ್ ಬಿಟ್ಟು ಬೇರೆ ಮುಟ್ಬೇಡಿ.

ಸರ್ಕ್ಯೂಟ್ ಅನ್ನೋ ಮಾತು ಕೇಳಿರ್ತೀರ. ಬಹಳಷ್ಟು ಶೇರಿಗೆ ಒಂದು ದಿನಕ್ಕೆ ಇಷ್ಟೇ ಏರಬಹುದು ಇಷ್ಟೇ ಇಳೀಬಹುದು ಅಂತ ಶೇಕಡಾ 2, 5, 10 ಇಲ್ಲ 20ರ ಮಿತಿ ಇರುತ್ತೆ. ಕೆಳಗಿನ ಸರ್ಕ್ಯೂಟಿಗೆ ಬಿದ್ದ ಶೇರಿಗೆ ಕೊಳ್ಳೋರ ಸಾಲು ಖಾಲಿ, ನೀವು ಮಾರ್ತೀನಿ ಅಂದ್ರೂ ಆಗಲ್ಲ, ಹೀಗೇ ದಿನಗಟ್ಲೆ ಸಿಕ್ಕಾಕೊಂಡೋರಿದಾರೆ. ಇಡೀ ಮಾರ್ಕೆಟ್ಟಿಗೆ 10, 15, 20 ಅಂತ ಬೇರೆ ಮಿತಿ ಇದೆ, ಅದು ಮುಟ್ಟಿದ್ರೆ ಎಲ್ಲಾ ವ್ಯಾಪಾರಾನೂ ನಿಲ್ಲುತ್ತೆ, 20 ಮುಟ್ಟಿದ್ರೆ ಅವತ್ತಿಗೆ ಮುಗೀತು. ಯಂತ್ರಾನೇ ಕೆಟ್ಟು ನಿಂತಿದ್ದೂ ಉಂಟು, 2021ರ ಫೆಬ್ರವರಿ 24ರಂದು ಎನ್‌ಎಸ್‌ಇಲಿ ಬೆಳಿಗ್ಗೆ ಹನ್ನೊಂದೂವರೆ ಆದ್ಮೇಲೆ ವ್ಯಾಪಾರ ನಿಂತು, ಮಧ್ಯಾಹ್ನ 3:45ಕ್ಕೆ ಮತ್ತೆ ಶುರುವಾಗಿ ಸಂಜೆ 5ರ ತನಕ ನಡೀತು. ಅವತ್ತು ಒದ್ದಾಡಿದ್ದು ಅವತ್ತೇ ಕೊಂಡು ಅವತ್ತೇ ಮಾರಬೇಕಿದ್ದ ಇಂಟ್ರಾಡೇನೋರು. ಶೇರನ್ನ ಡಿಮ್ಯಾಟಲ್ಲಿ, ಅಂದ್ರೆ ಕಾಗದ ಇಲ್ದೆ ಕಂಪ್ಯೂಟರಲ್ಲಿ ಶೇರಿಡೋ ಅಕೌಂಟಲ್ಲಿ, ಇಟ್ಟು ಸುಮ್ನಿದ್ದೋರಿಗೆ ಸುದ್ದಿ ತಿಳಿದಿದ್ದೇ ಸಂಜೆ.

ದುಡ್ಡಿನ ದಾರಿ, ಶೇರಿನ ದಾರಿ

ಆರ್ಡರ್ ಹೊಂದಿದ್ಮೇಲೆ ಮಾರಿದೋರಿಗೆ ನೀವು ನೇರ ದುಡ್ಡು ಕೊಡಲ್ಲ, ಅವರು ನಿಮಗೆ ನೇರ ಶೇರು ಕೊಡಲ್ಲ. ನಡುವೆ ಕ್ಲಿಯರಿಂಗ್ ಕಾರ್ಪೊರೇಷನ್ ಅಂತ ಒಂದು ಸಂಸ್ಥೆ ಬಂದು ನಿಂತ್ಕೊಳುತ್ತೆ, ಕೊಳ್ಳೋರಿಗೆ ಅದೇ ಮಾರೋದು, ಮಾರೋರಿಗೆ ಅದೇ ಕೊಳ್ಳೋದು. ಎದುರಿಗಿನೋರು ಕೈ ಎತ್ತಿದ್ರೂ ವ್ಯವಹಾರ ಮುಗಿಸೋ ಜವಾಬ್ದಾರಿ ಅದರದ್ದು. 2023ರ ಜನವರಿ ಕೊನೆಯಿಂದ ಎಲ್ಲಾ ಶೇರೂ ಮರುದಿನದ ಲೆಕ್ಕ, ಅಂದ್ರೆ ಸೋಮವಾರ ಕೊಂಡ್ರೆ ಮಂಗಳವಾರ ನಿಮ್ಮ ಡಿಮ್ಯಾಟಿಗೆ, ಶುಕ್ರವಾರ ಕೊಂಡ್ರೆ ಸೋಮವಾರ, ರಜ ಇದ್ರೆ ಅದರ ಮರುದಿನ.

ಡಿಮ್ಯಾಟ್ ಅಂದ್ರೆ ಎಲ್ಲಿ? ಶೇರು ಯಾರ ಹೆಸರಲ್ಲಿದೆ ಅಂತ ಲೆಕ್ಕ ಇಡೋ ಸಂಸ್ಥೆಗೆ ಡಿಪಾಸಿಟರಿ ಅಂತಾರೆ, ದೇಶದಲ್ಲಿ ಅವು ಎರಡೇ, 1996ರಲ್ಲಿ ಶುರುವಾದ ಎನ್‌ಎಸ್‌ಡಿಎಲ್, 1999ರಲ್ಲಿ ಶುರುವಾದ ಸಿಡಿಎಸ್‌ಎಲ್. ನಿಮ್ಮ ಶೇರು ಇರೋದು ಈ ಎರಡರಲ್ಲೊಂದರಲ್ಲಿ, ನಿಮ್ಮ ಹೆಸರಲ್ಲಿ. ಬ್ರೋಕರ್ ಬರೀ ಬಾಗಿಲು. ಡಿಮ್ಯಾಟ್ ನಂಬರ್ ಹದಿನಾರೂ ಅಂಕಿ ಇದ್ರೆ ಸಿಡಿಎಸ್‌ಎಲ್, ಐ ಎನ್ ಅನ್ನೋ ಎರಡು ಅಕ್ಷರದಿಂದ ಶುರುವಾಗಿ ಆಮೇಲೆ 14 ಅಂಕಿ ಇದ್ರೆ ಎನ್‌ಎಸ್‌ಡಿಎಲ್. ಬ್ರೋಕರ್ ಬಾಗಿಲು ಹಾಕ್ಕೊಂಡು ಹೋದ್ರೂ ಡಿಪಾಸಿಟರೀಲಿರೋ ಶೇರು ನಿಮ್ದೇ.

ಹಂಗಾದ್ರೆ ಬ್ರೋಕರಿಂದ ಮೋಸ ಹೆಂಗಾಗುತ್ತೆ ಅಂತ ಕೇಳಬಹುದು. 2019ರ ಕಾರ್ವಿ ಪ್ರಕರಣ ನೆನಪಿರಬಹುದು, ಗ್ರಾಹಕರ ಶೇರು ಅಡ ಇಟ್ಟು ಸಾಲ ಎತ್ತಿದ್ದಕ್ಕೆ ಶೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಸೆಬಿ ಕ್ರಮ ತಗೊಂಡಿದ್ದು. ಆಗ ಗ್ರಾಹಕರು ಬ್ರೋಕರ್‌ಗೆ ಪವರ್ ಆಫ್ ಅಟಾರ್ನಿ ಬರ್ಕೊಡ್ತಿದ್ರು, ಅದು ಬಹಳ ಅಗಲದ ಅಧಿಕಾರ. ಈಗ ಅಡ ಇಟ್ರೂ ಶೇರು ನಿಮ್ಮ ಡಿಮ್ಯಾಟಲ್ಲೇ ಇರುತ್ತೆ. ಆದ್ರೂ ಆಪಲ್ಲಿ "ಈಗ ಕಾಲು ಭಾಗ ಕಟ್ಟಿ ಉಳಿದದ್ದು ಆಮೇಲೆ" ಅನ್ನೋ ಬಟನ್ ಕಂಡ್ರೆ ಅದು ಮಾರ್ಜಿನ್ ಸಾಲ, ದಿನದ ಲೆಕ್ಕದ ಬಡ್ಡಿ, ಶೇರೂ ಅಡ. ಅದನ್ನ ಒತ್ತಬೇಡಿ.

ಈಗ ಅಕೌಂಟ್

ಬೇಕಾಗಿರೋದು ಪ್ಯಾನ್, ಆಧಾರ್, ಬ್ಯಾಂಕ್ ಅಕೌಂಟ್, ಆಧಾರಿಗೆ ಸೇರಿರೋ ಮೊಬೈಲ್ ನಂಬರ್, ಬಿಳಿ ಹಾಳೆ ಮೇಲೆ ಸಹಿ. ಎಲ್ಲಾ ಸರಿಯಿದ್ರೆ ಮನೇಲೇ ಕೂತು ಅರ್ಧ ಗಂಟೇಲಿ ಅರ್ಜಿ ಮುಗಿಯುತ್ತೆ. ನಮ್ಮ ಕಡೆ ಸರಿಯಿರಲ್ಲ. ಕಾರಣ ಇನಿಶಿಯಲ್. ಊರ ಹೆಸರು, ಅಪ್ಪನ ಹೆಸರು ಎರಡೂ ಸೇರಿ ಇನಿಶಿಯಲ್ ಆಗಿರುತ್ತೆ, ಆಧಾರಲ್ಲಿ ರಂಗಸ್ವಾಮಿ ಟಿ.ಎನ್. ಅಂತಿರುತ್ತೆ, ಪ್ಯಾನಲ್ಲಿ ಅದನ್ನ ಬಿಡಿಸಿ ತೋವಿನಕೆರೆ ನಂಜಪ್ಪ ರಂಗಸ್ವಾಮಿ ಅಂತಾಗಿರುತ್ತೆ, ಪಾಸ್‌ಬುಕ್ಕಲ್ಲಿ ರಂಗಸ್ವಾಮಯ್ಯ. ಮೂರೂ ಒಬ್ರೇ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಬ್ರೋಕರ್ ಆಪ್ ಡೌನ್‌ಲೋಡ್ ಮಾಡೋಕೆ ಮುಂಚೆ ಮೂರು ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಕು ಹೊಂದುತ್ತಾ ನೋಡ್ಕೊಳಿ, ಹೊಂದದಿದ್ರೆ ಮೊದಲು ಆಧಾರ್ ಕೇಂದ್ರಕ್ಕೋ ಬ್ಯಾಂಕಿಗೋ ಹೋಗಿ ಸರಿ ಮಾಡಿಸಿ. ಪ್ಯಾನ್ ಆಧಾರ್ ಲಿಂಕ್ ಆಗಿದ್ಯಾ ಅಂತಾನೂ ನೋಡಿ. ಡಿಸಿಸಿ ಬ್ಯಾಂಕ್ ಇಲ್ಲ ಸೊಸೈಟಿ ಅಕೌಂಟ್ ಒಂದೇ ಇರೋರು ಆ ಬ್ಯಾಂಕ್ ನಡೆಯುತ್ತಾ ಅಂತ ಬ್ರೋಕರ್‌ನ ಮುಂಚೇನೇ ಕೇಳ್ಬಿಡಿ.

ಬ್ರೋಕರ್ ಆರಿಸೋದರಲ್ಲಿ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಸೆಬಿ ವೆಬ್‌ಸೈಟಲ್ಲಿ ನೋಂದಾಯಿತ ಬ್ರೋಕರ್‌ಗಳ ಪಟ್ಟಿ ಇದೆ, ನೋಂದಣಿ ನಂಬರ್ ಐ ಎನ್ ಜೆಡ್ ಇಂದ ಶುರುವಾಗುತ್ತೆ, ಅದರಲ್ಲಿ ಹೆಸರಿದ್ಯಾ ನೋಡಿ. ಪರಿಚಯದೋರು ಲಿಂಕ್ ಕಳಿಸಿದ್ರು ಅಂತ ಆ ಲಿಂಕಿಂದ ಆಪ್ ಹಾಕ್ಕೋಬೇಡಿ. ಅರ್ಜಿ ತುಂಬೋವಾಗ ಫ್ಯೂಚರ್ಸ್ ಆಪ್ಷನ್ಸ್, ಅಂದ್ರೆ ಮುಂದಿನ ರೇಟಿನ ಮೇಲೆ ಮಾಡೋ ಕರಾರಿನ ವ್ಯಾಪಾರ, ಬೇಕಾ ಅಂತ ಕೇಳುತ್ತೆ, ಟಿಕ್ ತೆಗೀರಿ, ಆದಾಯದ ಪುರಾವೆ ಕೊಡೋ ತಾಪತ್ರಯಾನೂ ತಪ್ಪುತ್ತೆ. ಹೆಸರಲ್ಲಿ ಒಂದೇ ಡಿಮ್ಯಾಟ್ ಇದ್ದು, ಅದರಲ್ಲಿರೋದರ ಬೆಲೆ 4 ಲಕ್ಷದೊಳಗಿದ್ರೆ ಬೇಸಿಕ್ ಸರ್ವೀಸ್ ಡಿಮ್ಯಾಟ್ ಅಂತ ಇದೆ, ವರ್ಷದ ಶುಲ್ಕ ಇಲ್ಲ.

ಎಲ್ಲಿ ಹಾಕೋದು

ಹೊಸಬ್ರಿಗೆ ನಾನು ಹೇಳೋದು ಇಂಡೆಕ್ಸ್, ಅಂದ್ರೆ ಆಯ್ದ ಕಂಪನಿಗಳ ಪಟ್ಟಿ. ನಿಫ್ಟಿಲಿ 50 ದೊಡ್ಡ ಕಂಪನಿ, ಸೆನ್ಸೆಕ್ಸಲ್ಲಿ 30. ಇಂಡೆಕ್ಸ್ ಫಂಡ್ ಅಂದ್ರೆ ಅದೇ ಕಂಪನಿಗಳನ್ನ ಅದೇ ಪ್ರಮಾಣದಲ್ಲಿ ಕೊಂಡಿಡೋ ಮ್ಯೂಚುವಲ್ ಫಂಡ್. ತಿಂಗಳಿಗೆ 500 ರೂಪಾಯಿಗೂ ಎಸ್‌ಐಪಿ, ಅಂದ್ರೆ ತಿಂಗಳು ತಿಂಗಳು ಕಟ್ಟೋದು, ಮಾಡಬಹುದು. ತಗೊಳೋವಾಗ ಡೈರೆಕ್ಟ್ ಅಂತ ಬರ್ದಿರೋದನ್ನೇ ತಗೊಳಿ, ರೆಗ್ಯುಲರ್ ಅಂದ್ರೆ ನಡುವಿನೋರ ಕಮಿಷನ್ ನಿಮ್ಮ ದುಡ್ಡಲ್ಲೇ ವರ್ಷ ವರ್ಷ ಹೋಗ್ತಿರುತ್ತೆ. ಇದು ಎಕ್ಸ್‌ಚೇಂಜಲ್ಲಿ ಕೊಳ್ಳೋದಲ್ಲ, ದಿನದ ಕೊನೆಯ ಒಂದೇ ಬೆಲೆಗೆ ಸಿಗುತ್ತೆ.

ಅದನ್ನೇ ಎಕ್ಸ್‌ಚೇಂಜಲ್ಲಿ ಶೇರಿನ ಥರ ಕೊಳ್ಳಬೇಕು ಅಂದ್ರೆ ಇಟಿಎಫ್. ಡಿಮ್ಯಾಟ್ ಬೇಕೇ ಬೇಕು. ಒಂದೇ ಯೂನಿಟ್ ಬೇಕಾದ್ರೂ ಕೊಳ್ಳಬಹುದು. ಜೋಪಾನ ಮಾಡಬೇಕಾದ್ದು ಏನಂದ್ರೆ, ಕೆಲವು ಇಟಿಎಫಲ್ಲಿ ವ್ಯಾಪಾರ ತೀರಾ ಕಮ್ಮಿ, ಒಳಗಿರೋ ಶೇರುಗಳ ಬೆಲೆ ನೂರಿದ್ರೆ ಪರದೆ ಮೇಲೆ ನೂರ ಎರಡು ಕೇಳ್ತಿರ್ತಾರೆ. ಆ ನಿಜವಾದ ಬೆಲೆನ ಐಎನ್‌ಎವಿ ಅಂತಾರೆ, ಫಂಡ್ ಕಂಪನಿ ಸೈಟಲ್ಲಿ ಸಿಗುತ್ತೆ, ನೋಡ್ಕೊಂಡು ಅದರ ಹತ್ರದ ರೇಟಿಗೆ ಲಿಮಿಟ್ ಹಾಕಿ. ಚಿನ್ನದ ಇಟಿಎಫೂ ಇದೇ ರೀತಿ, ಮಗಳ ಮದುವೆಗೆ ಅಂತ ಸ್ವಲ್ಪ ಸ್ವಲ್ಪ ಸೇರಿಸೋರಿಗೆ ಕೂಲಿ ವೇಸ್ಟೇಜ್ ಇಲ್ಲ, ಕಳ್ಳರ ಭಯ ಇಲ್ಲ. ಮೈಮೇಲೆ ಹಾಕ್ಕೊಳಕ್ಕೆ ಮಾತ್ರ ಆಗಲ್ಲ, ಮಾರಿ ದುಡ್ಡು ತಗೊಂಡು ಅಂಗಡಿಗೆ ಹೋಗಬೇಕು, ಇದನ್ನ ಮನೇಲಿ ಹೇಳಿ ಒಪ್ಸೋದು ನಿಮಗೆ ಬಿಟ್ಟಿದ್ದು.

ಬಿಡಿ ಶೇರು ಕೊಳ್ಳೋದಾದ್ರೆ ಆ ಕಂಪನಿ ಏನು ಮಾಡುತ್ತೆ, ಲಾಭ ಎಲ್ಲಿಂದ ಬರುತ್ತೆ, ಸಾಲ ಎಷ್ಟಿದೆ ಅಂತ ವಾರ್ಷಿಕ ವರದಿ ನೋಡಿ ಹೇಳಕ್ಕಾಗಬೇಕು. ಆಗಲ್ಲಾಂದ್ರೆ ಇಂಡೆಕ್ಸಲ್ಲೇ ಇರಿ.

ಐಪಿಒಗೆ, ಅಂದ್ರೆ ಕಂಪನಿ ಮೊದಲ ಸಲ ಜನರಿಗೆ ಶೇರು ಮಾರೋವಾಗ, ಅರ್ಜಿ ಹಾಕಿದ್ರೆ ದುಡ್ಡು ನಿಮ್ಮ ಬ್ಯಾಂಕಲ್ಲೇ ಬ್ಲಾಕ್ ಆಗಿರುತ್ತೆ, ಶೇರು ಸಿಕ್ರೆ ಮಾತ್ರ ಕಡಿತ. ಯುಪಿಐಲಿ ಬರೋ ಮ್ಯಾಂಡೇಟ್ ಒಪ್ಕೊಳೋದನ್ನ ಮರೀಬೇಡಿ, ಅದಿಲ್ದೆ ಅರ್ಜಿ ಲೆಕ್ಕಕ್ಕಿಲ್ಲ. ಒಂದು ಪ್ಯಾನಿಗೆ ಒಂದೇ ಅರ್ಜಿ, ಜನ ಮುಗಿಬಿದ್ರೆ ಲಾಟರಿ. ಗ್ರೇ ಮಾರ್ಕೆಟ್ ಪ್ರೀಮಿಯಂ, ಅಂದ್ರೆ ಎಕ್ಸ್‌ಚೇಂಜಿಗೆ ಬರೋ ಮುಂಚೇನೇ ಹೊರಗೆ ಆಡೋ ಹೆಚ್ಚಿನ ರೇಟು, ಇಷ್ಟಿದೆ ಅಂತ ಹೇಳೋ ಮಾತಿಗೆ ಯಾವ ಎಕ್ಸ್‌ಚೇಂಜೂ ಹೊಣೆ ಅಲ್ಲ.

ಫ್ಯೂಚರ್ಸ್ ಆಪ್ಷನ್ಸ್ ವಿಷಯಕ್ಕೆ ಸೆಬಿ ಲೆಕ್ಕ ಒಂದೇ ಸಾಕು. 2021-22ರಿಂದ 2023-24ರ ಮೂರು ವರ್ಷದಲ್ಲಿ ಅದರಲ್ಲಿ ವ್ಯಾಪಾರ ಮಾಡಿದ ಬಿಡಿ ಜನರಲ್ಲಿ ಶೇಕಡಾ 93 ಮಂದಿಗೆ ನಷ್ಟ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಶೇರಲ್ಲಿ ಇಂಟ್ರಾಡೇ ಮಾಡೋರಲ್ಲೂ 2022-23ರಲ್ಲಿ ಹತ್ತರಲ್ಲಿ ಏಳು ಜನಕ್ಕೆ ನಷ್ಟ. ಇದು ಗೊತ್ತಿದ್ದೂ ಮಾಡ್ತೀನಿ ಅನ್ನೋರಿಗೆ ಈ ಲೇಖನ ಅಲ್ಲ.

ಮೊದಲ ಆರ್ಡರ್

ಮೊದಲ ಸಲ ಲಾಭಕ್ಕೆ ಕೊಳ್ಳಬೇಡಿ, ದಾರಿ ನೋಡಕ್ಕೆ ಕೊಳ್ಳಿ. ಒಂದು ನಿಫ್ಟಿ ಇಟಿಎಫ್ ಯೂನಿಟ್ ಸಾಕು. ಬ್ಯಾಂಕಿಂದ ಬ್ರೋಕರ್‌ಗೆ ಐನೂರು ರೂಪಾಯಿ ಹಾಕಿ. ನೋಂದಾಯಿತ ಬ್ರೋಕರ್‌ಗಳಿಗೆ ಸೆಬಿ ಈಗ ಬೇರೆ ಥರದ ಯುಪಿಐ ಐಡಿ ಕೊಟ್ಟಿದೆ, ಅಟ್ ಚಿಹ್ನೆ ಆದ್ಮೇಲೆ ವ್ಯಾಲಿಡ್ ಅನ್ನೋ ಪದ, ಆಮೇಲೆ ಬ್ಯಾಂಕ್ ಹೆಸರು ಬರುತ್ತೆ, ಅದನ್ನ ಗಮನಿಸಿ. ಮಾರ್ಕೆಟ್ ತೆರೆದ ಮೊದಲ ಹದಿನೈದು ನಿಮಿಷ ಬಿಟ್ಟುಬಿಡಿ, ಆಗ ರೇಟು ಕುಣೀತಿರುತ್ತೆ. ಆರ್ಡರ್ ಪರದೇಲಿ ಇಂಟ್ರಾಡೇ ಅಲ್ಲ ಡೆಲಿವರಿ, ಮಾರ್ಕೆಟ್ ಅಲ್ಲ ಲಿಮಿಟ್, ಎರಡೂ ನೋಡಿ ಒತ್ತಿ. ಸಂಜೆ ಇಮೇಲಿಗೆ ಕಾಂಟ್ರಾಕ್ಟ್ ನೋಟ್ ಬರುತ್ತೆ, ಎಷ್ಟು ಗಂಟೆಗೆ ಯಾವ ರೇಟಿಗೆ ಆಯ್ತು, ಬ್ರೋಕರೇಜು, ಸ್ಟಾಂಪ್ ಡ್ಯೂಟಿ, ಜಿಎಸ್‌ಟಿ ಎಲ್ಲಾ ಅದರಲ್ಲಿರುತ್ತೆ. ಬಿಡಿ ಶೇರಾದ್ರೆ ಡೆಲಿವರೀಲಿ ಕೊಂಡಾಗ್ಲೂ ಮಾರಿದಾಗ್ಲೂ ಶೇಕಡಾ 0.1 ಎಸ್‌ಟಿಟಿ ಅನ್ನೋ ವ್ಯವಹಾರದ ತೆರಿಗೆ ಇರುತ್ತೆ. ಎಕ್ಸ್‌ಚೇಂಜಿಂದಾನೂ ಎಸ್‌ಎಂಎಸ್ ಬರುತ್ತೆ.

ಮರುದಿನ ಸಂಜೆ ಬ್ರೋಕರ್ ಆಪ್ ನೋಡ್ಬೇಡಿ. ಸಿಡಿಎಸ್‌ಎಲ್ ಆದ್ರೆ ಈಸಿ, ಎನ್‌ಎಸ್‌ಡಿಎಲ್ ಆದ್ರೆ ಐಡಿಯಾಸ್ ಅಂತ ಅವರದೇ ಸೇವೆ ಇದೆ, ನಿಮ್ಮ ಡಿಮ್ಯಾಟ್ ನಂಬರ್ ಹಾಕಿ ನೋಂದಾಯಿಸ್ಕೊಂಡು ಅಲ್ಲಿ ಆ ಒಂದು ಯೂನಿಟ್ ಬಂದಿದ್ಯಾ ನೋಡಿ. ಪಕ್ಕದಲ್ಲಿ ಐಎಸ್‌ಐಎನ್ ಅಂತ 12 ಅಕ್ಷರ ಅಂಕಿಯ ಗುರುತು ಇರುತ್ತೆ, ಫಂಡ್ ಯೂನಿಟ್ ಆದ್ರೆ ಐ ಎನ್ ಎಫ್, ಕಂಪನಿ ಶೇರಾದ್ರೆ ಐ ಎನ್ ಇ ಇಂದ ಶುರು. ವ್ಯವಹಾರ ಇದ್ದ ತಿಂಗಳು ಡಿಪಾಸಿಟರಿಯಿಂದ ಒಟ್ಟು ಲೆಕ್ಕದ ಸ್ಟೇಟ್‌ಮೆಂಟೂ ಇಮೇಲಿಗೆ ಬರುತ್ತೆ, ಅದನ್ನ ಸ್ಪ್ಯಾಮ್ ಅಂತ ಅಳಿಸೋರೇ ಜಾಸ್ತಿ.

ವಾಟ್ಸಾಪ್ ಗುಂಪಿಗೆ ಸೇರಿಸಿ, ಟಿಪ್ಸ್ ಕೊಟ್ಟು, ಆಮೇಲೆ ಒಂದು ಆಪ್ ಹಾಕಿಸಿ, ಅದರಲ್ಲಿ ನಿಮ್ಮ 50 ಸಾವಿರ ವಾರದಲ್ಲಿ 2 ಲಕ್ಷ ಆಯ್ತು ಅಂತ ತೋರಿಸ್ತಾರಲ್ಲ, ಆ ಮೋಸ ಇಲ್ಲೇ ಸಿಕ್ಕಿಬೀಳುತ್ತೆ. ಆ ಆಪಲ್ಲಿ ಕಾಣೋ ಶೇರು ಡಿಪಾಸಿಟರೀಲಿ ಇರಲ್ಲ, ಯಾಕಂದ್ರೆ ಯಾವ ಆರ್ಡರೂ ಎಕ್ಸ್‌ಚೇಂಜಿಗೆ ಹೋಗೇ ಇಲ್ಲ. ದುಡ್ಡು ಹೋಗಿರೋದು ಯಾರದೋ ಕರೆಂಟ್ ಅಕೌಂಟಿಗೆ. ವಾಪಸ್ ಕೇಳಿದ್ರೆ ಮೊದಲು ಟ್ಯಾಕ್ಸ್ ಕಟ್ಟಿ ಅಂತಾರೆ, ಅಸಲಿ ಬ್ರೋಕರ್ ದುಡ್ಡು ತೆಗೆಯೋಕೆ ದುಡ್ಡು ಕೇಳಲ್ಲ. ಹಾಗಾದ್ರೆ ನಾಚಿಕೊಂಡು ಕೂರ್ಬೇಡಿ, ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅಕೌಂಟ್ ತಡೆ ಹಿಡಿಯೋಕೆ ಗಂಟೆಗಳು ಲೆಕ್ಕಕ್ಕೆ ಬರುತ್ತೆ, ಆಮೇಲೆ ತುಮಕೂರಿನ ಸೆನ್ ಠಾಣೆಗೆ, ಅಂದ್ರೆ ಸೈಬರ್ ಅಪರಾಧ ನೋಡೋ ಪೊಲೀಸ್ ಠಾಣೆಗೆ, ಹೋಗಿ. ಅಸಲಿ ಬ್ರೋಕರ್ ಜೊತೇಲೇ ತಕರಾರಿದ್ರೆ ದಾರಿ ಬೇರೆ, ಮೊದಲು ಬ್ರೋಕರ್‌ಗೆ ಇಮೇಲಲ್ಲಿ ದೂರು, ಬಗೆಹರೀದಿದ್ರೆ ಸೆಬಿಯ ಸ್ಕೋರ್ಸ್ ಅನ್ನೋ ದೂರಿನ ಪೋರ್ಟಲ್, ಅಲ್ಲಿ 21 ದಿನದೊಳಗೆ ಉತ್ತರ ಕೊಡಬೇಕು, ಅದಾದ್ಮೇಲೂ ಉಳಿದ್ರೆ ಸ್ಮಾರ್ಟ್ ಒಡಿಆರ್ ಅನ್ನೋ ಆನ್‌ಲೈನ್ ರಾಜಿ ಪಂಚಾಯ್ತಿ.

ಮಾರೋವಾಗ, ಆಮೇಲೆ

ಮಾರೋವಾಗ ಸಿಡಿಎಸ್‌ಎಲ್ ಡಿಮ್ಯಾಟಿಗೆ ಟಿಪಿನ್ ಅನ್ನೋ ಗುಟ್ಟಿನ ನಂಬರ್, ಒಟಿಪಿ ಕೇಳುತ್ತೆ, ಅದು ನಿಮ್ಮ ಒಪ್ಪಿಗೆ. ಫೋನ್ ಮಾಡಿ ಕೇಳೋರಿಗೆ ಅದನ್ನ ಹೇಳ್ಬೇಡಿ. ದುಡ್ಡು ಮರುದಿನ ಬ್ರೋಕರ್ ಅಕೌಂಟಲ್ಲಿ ಕಾಣುತ್ತೆ, ಅಲ್ಲೇ ಬಿಡ್ದೆ ಬ್ಯಾಂಕಿಗೆ ಎಳ್ಕೊಳಿ. ನೀವು ಬಿಟ್ರೂ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಬಳಸದ ದುಡ್ಡನ್ನ ಅವರು ವಾಪಸ್ ಹಾಕ್ಲೇಬೇಕು, ಸುಮ್ನೆ ಬಂದ ದುಡ್ಡು ನೋಡಿ ಗಾಬರಿ ಆಗ್ಬೇಡಿ.

ಶೇರು ಕೊಂಡು ಒಂದು ವರ್ಷದೊಳಗೆ ಮಾರಿದ್ರೆ ಲಾಭಕ್ಕೆ ಶೇಕಡಾ 20 ತೆರಿಗೆ. ವರ್ಷ ದಾಟಿದ್ರೆ, ಆರ್ಥಿಕ ವರ್ಷಕ್ಕೆ 1.25 ಲಕ್ಷದ ಮೇಲಿನ ಲಾಭಕ್ಕೆ ಮಾತ್ರ 12.5. 2024ರ ಜುಲೈ 23ರಿಂದ ಇದೇ ದರ. ಚಿನ್ನದ ಇಟಿಎಫಿಗೆ ಈ ಲೆಕ್ಕ ಅಲ್ಲ, ಅದನ್ನ ರಿಟರ್ನ್ ತುಂಬೋರ ಹತ್ರ ಕೇಳಿ.

ಇನ್ನು ಮನೇಲಿ ಅಪ್ಪನ ಕಾಲದ ಕಾಗದದ ಶೇರು ಸರ್ಟಿಫಿಕೇಟ್ ಬೀರುಲಿದ್ರೆ, ಬ್ಯಾಂಕಲ್ಲೋ ಫ್ಯಾಕ್ಟರೀಲೋ ಕೆಲಸ ಮಾಡಿದೋರ ಮನೇಲಿ ಇರೋದು ಜಾಸ್ತಿ, ಅದನ್ನ ಹಾಗೇ ಮಾರಕ್ಕಾಗಲ್ಲ, 2019ರ ಏಪ್ರಿಲಿಂದ ಡಿಮ್ಯಾಟ್ ಮಾಡಿಸಿದ್ರೆ ಮಾತ್ರ ವರ್ಗಾವಣೆ. ಕಂಪನಿಯ ರಿಜಿಸ್ಟ್ರಾರ್, ಅಂದ್ರೆ ಶೇರುದಾರರ ಲೆಕ್ಕ ಇಡೋರು, ಯಾರು ಅಂತ ಹುಡುಕಿ ಅವರಿಗೆ ಬರೀಬೇಕು. ಏಳು ವರ್ಷ ಸತತವಾಗಿ ಡಿವಿಡೆಂಡ್ ಯಾರೂ ತಗೊಂಡಿಲ್ಲಾಂದ್ರೆ ಶೇರು ಐಇಪಿಎಫ್ ಅನ್ನೋ ಸರ್ಕಾರಿ ನಿಧಿಗೆ ಹೋಗಿರುತ್ತೆ, ಅಲ್ಲಿಂದ ವಾಪಸ್ ತರೋಕೆ ಅರ್ಜಿ ಇದೆ, ದಾಖಲೆ ಜಾಸ್ತಿ, ತಾಳ್ಮೆ ಇನ್ನೂ ಜಾಸ್ತಿ ಬೇಕು. ನಿಮ್ಮ ಡಿಮ್ಯಾಟಿಗೆ ಹೀಗಾಗ್ದೇ ಇರೋಕೆ ಅಕೌಂಟ್ ತೆಗೆದ ದಿನಾನೇ ನಾಮಿನಿ ಹಾಕಿ, ಡಿಮ್ಯಾಟ್ ನಂಬರ್, ಬ್ರೋಕರ್ ಹೆಸರು, ಡಿವಿಡೆಂಡ್ ಯಾವ ಬ್ಯಾಂಕಿಗೆ ಬರುತ್ತೆ ಅಂತ ಒಂದು ಹಾಳೇಲಿ ಬರ್ದು ಮನೆಯೋರ ಕೈಗೆ ಕೊಟ್ಟಿಡಿ. ಪಾಸ್‌ವರ್ಡ್ ಬರೀಬೇಡಿ, ನಾಮಿನಿಗೆ ಅದು ಬೇಕಾಗಲ್ಲ, ಮರಣ ಪ್ರಮಾಣಪತ್ರ, ತನ್ನ ಗುರುತಿನ ದಾಖಲೆ ಕೊಟ್ಟು ಬ್ರೋಕರ್ ಮೂಲಕಾನೇ ಅರ್ಜಿ ಹಾಕಿದ್ರೆ ಶೇರು ಅವರ ಡಿಮ್ಯಾಟಿಗೆ ಹೋಗುತ್ತೆ.